ರಣಹದ್ದುಗಳನ್ನು ಕೊಂದಿದ್ದು ಮೊಬೈಲ್ ಟವರಾ? ರಾಮದೇವರ ಬೆಟ್ಟದ ಹಕ್ಕಿಯ ಬಗ್ಗೆ ಸಂಶೋಧನೆ ಏನು ಹೇಳುತ್ತದೆ

ಗುಬ್ಬಚ್ಚಿ ಹೋಯಿತು, ರಣಹದ್ದು ಹೋಯಿತು, ಇನ್ನು ನಮ್ಮ ಸರದಿ. ಈ ಧಾಟಿಯ ಮೆಸೇಜು ವಾಟ್ಸಾಪ್‌ನಲ್ಲಿ ವರ್ಷಗಳಿಂದ ಸುತ್ತುತ್ತಲೇ ಇದೆ. ಒಂದು ಮೊಬೈಲ್ ಟವರಿನ ಫೋಟೊ, ಪಕ್ಕದಲ್ಲಿ ಸತ್ತು ಬಿದ್ದ ಹಕ್ಕಿಗಳ ಫೋಟೊ, ಮೇಲೆ ಕೆಂಪು ಅಕ್ಷರದಲ್ಲಿ ‘ವಿಜ್ಞಾನಿಗಳ ಎಚ್ಚರಿಕೆ’. ಯಾವ ವಿಜ್ಞಾನಿ, ಯಾವ ವರ್ಷ, ಯಾವ ಹಕ್ಕಿ ಎಂದು ಮಾತ್ರ ಇರುವುದಿಲ್ಲ. 2018ರಲ್ಲಿ ರಜನಿಕಾಂತ್ ಅವರ ‘2.0’ ಸಿನಿಮಾ ಬಂದ ಮೇಲೆ ಈ ಕಥೆಗೆ ಇನ್ನಷ್ಟು ಬಲ ಬಂತು. ಅದರಲ್ಲಿ ಹಕ್ಕಿಪ್ರೇಮಿಯೊಬ್ಬ ಟವರುಗಳ ವಿರುದ್ಧ ಸೇಡು ತೀರಿಸಿಕೊಳ್ಳುತ್ತಾನೆ.

ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಕಡೆಯವರಿಗೆ ಇದು ದೂರದ ವಿಷಯವಲ್ಲ. ರಣಹದ್ದುಗಳಿಗೆಂದೇ ಮೀಸಲಾದ ವನ್ಯಧಾಮ ನಮ್ಮ ರಾಮದೇವರ ಬೆಟ್ಟದಲ್ಲಿದೆ. ಅಲ್ಲಿ ಇವತ್ತು ಉಳಿದಿರುವುದು ಬೆರಳೆಣಿಕೆಯ ಹಕ್ಕಿಗಳು.

ಚಿಕ್ಕ ಉತ್ತರ ಬೇಕಾದವರಿಗೆ: ಭಾರತದಲ್ಲಿ ರಣಹದ್ದುಗಳು ಸಾಮೂಹಿಕವಾಗಿ ಸತ್ತದ್ದಕ್ಕೆ ಮುಖ್ಯ ಕಾರಣ ಡೈಕ್ಲೋಫೆನಾಕ್ ಎಂಬ ನೋವಿನ ಔಷಧಿ. ದನಗಳಿಗೆ ಚುಚ್ಚಿದ್ದು, ಸತ್ತ ದನದ ಮಾಂಸದ ಮೂಲಕ ಹಕ್ಕಿಯ ಹೊಟ್ಟೆ ಸೇರಿತು. ಇದನ್ನು ಪತ್ತೆ ಮಾಡಿದ್ದು ಹೇಗೆ ಎಂಬ ಕಥೆ ದೊಡ್ಡದು. ಮನೆಯಲ್ಲಿ ಹಸುವೋ ಎಮ್ಮೆಯೋ ಇದ್ದರೆ ಕೊನೆಯ ಭಾಗವನ್ನಾದರೂ ಓದಿ.

ಬೆಟ್ಟದಲ್ಲಿರುವುದು ಯಾವ ಹಕ್ಕಿ?

ಮೊದಲು ಒಂದು ಗೊಂದಲ ಬಗೆಹರಿಸೋಣ. ಕೋಳಿ ಅಂಗಡಿಯ ಮೇಲೆ ಸುತ್ತುವ, ತ್ಯಾಜ್ಯಕ್ಕೆ ಎರಗುವ ಕಂದು ಬಣ್ಣದ ಹಕ್ಕಿ ರಣಹದ್ದಲ್ಲ. ಅದು ಸಾಮಾನ್ಯ ಹದ್ದು. ಅದರ ಬಾಲದ ತುದಿ ಕವಲೊಡೆದಂತೆ ಇರುತ್ತದೆ. ಬೆಂಗಳೂರಿನಲ್ಲೂ ಚನ್ನಪಟ್ಟಣದಲ್ಲೂ ಅದಕ್ಕೆ ಬರವಿಲ್ಲ. ‘ರಣಹದ್ದು ಎಲ್ಲಿ ಕಡಿಮೆಯಾಗಿದೆ, ದಿನಾ ನೋಡ್ತೀವಲ್ಲ’ ಎನ್ನುವವರು ನೋಡುತ್ತಿರುವುದು ಇದನ್ನೇ.

ರಣಹದ್ದು ಇದಕ್ಕಿಂತ ಬಹಳ ದೊಡ್ಡದು. ತಲೆ, ಕತ್ತಿನ ಮೇಲೆ ಗರಿ ತೀರಾ ಕಡಿಮೆ. ಅದು ಬೇಟೆಯಾಡುವುದಿಲ್ಲ, ಸತ್ತ ಪ್ರಾಣಿಯನ್ನಷ್ಟೇ ತಿನ್ನುತ್ತದೆ. ರಾಮದೇವರ ಬೆಟ್ಟದಲ್ಲಿ ಹೆಸರಾಗಿರುವುದು ಉದ್ದ ಕೊಕ್ಕಿನ ರಣಹದ್ದು. ಜೊತೆಗೆ ಬಿಳಿ ಬಣ್ಣದ, ಗಾತ್ರದಲ್ಲಿ ಚಿಕ್ಕದಾದ ಈಜಿಪ್ಟ್ ರಣಹದ್ದೂ ಇದೆ. ಉದ್ದ ಕೊಕ್ಕಿನದು ಕಡಿದಾದ ಬಂಡೆಯ ಸಂದಿಯಲ್ಲಿ ಗೂಡು ಕಟ್ಟುತ್ತದೆ. 1975ರ ‘ಶೋಲೆ’ ಚಿತ್ರಕ್ಕೆ ಬೇಕಾಗಿದ್ದ ಅದೇ ಬೋಳು ಬಂಡೆಗಳು ಈ ಹಕ್ಕಿಗೂ ಬೇಕು. 2012ರಲ್ಲಿ ಇಲ್ಲಿನ ಸುಮಾರು 346 ಹೆಕ್ಟೇರ್ ಪ್ರದೇಶವನ್ನು ರಣಹದ್ದು ವನ್ಯಧಾಮ ಎಂದು ಸರ್ಕಾರ ಘೋಷಿಸಿತು. ದೇಶದಲ್ಲಿ ಇಂಥದ್ದು ಇದೇ ಮೊದಲು.

ಈ ಹಕ್ಕಿ ವರ್ಷಕ್ಕೆ ಇಡುವುದು ಒಂದೇ ಮೊಟ್ಟೆ. ಮರಿ ಬೆಳೆದು ತಾನೇ ಗೂಡು ಕಟ್ಟುವ ವಯಸ್ಸಿಗೆ ಬರಲು ಸುಮಾರು ಐದು ವರ್ಷ ಬೇಕು. ಕೋಳಿಯ ಹಾಗೆ ಬೇಗ ಬೇಗ ಸಂಖ್ಯೆ ಹೆಚ್ಚಿಸಿಕೊಳ್ಳುವ ಜೀವಿಯಲ್ಲ. ಮುಂದಿನ ಲೆಕ್ಕಕ್ಕೆ ಈ ವಿಷಯ ನೆನಪಿರಲಿ.

ಮೊದಲು ತಾರೀಖು ನೋಡಿ

ಟವರ್ ಕಥೆಯನ್ನು ಪರೀಕ್ಷಿಸಲು ಲ್ಯಾಬ್ ಬೇಕಿಲ್ಲ, ಕ್ಯಾಲೆಂಡರ್ ಸಾಕು.

ರಾಜಸ್ಥಾನದ ಭರತ್‌ಪುರದಲ್ಲಿ ಕೇವಲಾದೇವ್ ರಾಷ್ಟ್ರೀಯ ಉದ್ಯಾನವಿದೆ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ವಿಭು ಪ್ರಕಾಶ್ 1980ರ ದಶಕದಲ್ಲಿ ಅಲ್ಲಿ ಬಿಳಿಬೆನ್ನಿನ ರಣಹದ್ದಿನ ಗೂಡುಗಳನ್ನು ಎಣಿಸಿದ್ದರು. ಆಗ 350ರಷ್ಟು ಗೂಡುಗಳಿದ್ದವು. 1990ರ ದಶಕದ ನಡುವೆ ಮತ್ತೆ ಎಣಿಸಿದಾಗ ಅರ್ಧಕ್ಕಿಂತ ಹೆಚ್ಚು ಮಾಯವಾಗಿದ್ದವು. ಕೆಲವು ಹಕ್ಕಿಗಳು ಕತ್ತು ಜೋತುಬಿಟ್ಟುಕೊಂಡು ಕೊಂಬೆಯ ಮೇಲೆ ಕೂತಿರುತ್ತಿದ್ದವು, ಆಮೇಲೆ ಬಿದ್ದು ಸಾಯುತ್ತಿದ್ದವು.

ಭಾರತದಲ್ಲಿ ಮೊದಲ ಮೊಬೈಲ್ ಕರೆ ಹೋದದ್ದು 1995ರ ಜುಲೈ 31ರಂದು, ಕೋಲ್ಕತ್ತದಿಂದ ದೆಹಲಿಗೆ. ಆಮೇಲೂ ಹಲವು ವರ್ಷ ಮೊಬೈಲ್ ಇದ್ದದ್ದು ನಗರಗಳಲ್ಲಿ, ಅದೂ ದುಡ್ಡಿರುವವರ ಕೈಯಲ್ಲಿ. ಹಳ್ಳಿಗಳಿಗೆ ಟವರು ಬಂದದ್ದು 2000ದ ನಂತರ. ಹಕ್ಕಿಗಳು ಸಾಯತೊಡಗಿದಾಗ ಟವರೇ ಇರಲಿಲ್ಲ.

ಇನ್ನೂ ಒಂದು ಪ್ರಶ್ನೆ ಕೇಳಬಹುದು. ಟವರ್ ಕೊಲ್ಲುವುದಾದರೆ ರಣಹದ್ದನ್ನೇ ಆರಿಸಿ ಯಾಕೆ ಕೊಲ್ಲಬೇಕು? ಟವರಿನ ಮೇಲೆಯೇ ಕೂರುವ ಕಾಗೆ, ಪಾರಿವಾಳ, ಹದ್ದು ಯಾಕೆ ಚೆನ್ನಾಗಿವೆ?

ಹಾಗಂತ ವಿಕಿರಣ ಮತ್ತು ಹಕ್ಕಿಗಳ ಬಗ್ಗೆ ಸಂಶೋಧನೆಯೇ ಇಲ್ಲ ಎಂದಲ್ಲ. 2010ರಲ್ಲಿ ಕೇಂದ್ರ ಪರಿಸರ ಸಚಿವಾಲಯ ಟವರುಗಳಿಂದ ಹಕ್ಕಿ, ಜೇನುಗಳ ಮೇಲಾಗುವ ಪರಿಣಾಮ ನೋಡಲು ಸಮಿತಿಯನ್ನೇ ನೇಮಿಸಿತ್ತು. 2014ರಲ್ಲಿ ಜರ್ಮನಿಯ ಓಲ್ಡನ್‌ಬರ್ಗ್‌ನ ವಿಜ್ಞಾನಿಗಳು ‘ನೇಚರ್’ ಪತ್ರಿಕೆಯಲ್ಲಿ ಒಂದು ಪ್ರಯೋಗ ಪ್ರಕಟಿಸಿದರು. ವಿದ್ಯುತ್ ಉಪಕರಣಗಳು ಹೊಮ್ಮಿಸುವ ವಿದ್ಯುತ್ಕಾಂತೀಯ ಗದ್ದಲದಿಂದ ವಲಸೆ ಹಕ್ಕಿಯಾದ ಯುರೋಪಿನ ರಾಬಿನ್‌ಗೆ ದಿಕ್ಕು ತಿಳಿಯುವುದು ತಪ್ಪುತ್ತದೆ ಎಂದು ಅವರು ತೋರಿಸಿದರು. ಗಟ್ಟಿಯಾದ ಸಂಶೋಧನೆ. ಆದರೆ ಪರಿಣಾಮ ಕಂಡ ತರಂಗಗಳು ಹಳೇ ರೇಡಿಯೊದ ಎಎಂ ಬ್ಯಾಂಡಿನ ಆಸುಪಾಸಿನವು, ಮೊಬೈಲಿನವಲ್ಲ. ಹಕ್ಕಿಗಳು ಸಾಯಲೂ ಇಲ್ಲ, ದಿಕ್ಕು ತಪ್ಪಿದವು ಅಷ್ಟೆ. ಇಂಥ ನಿಜವಾದ ಸಂಶೋಧನೆಯ ತಲೆಬರಹವನ್ನು ಕತ್ತರಿಸಿ ಬೇರೆ ಫೋಟೊಗೆ ಅಂಟಿಸಿದರೆ ಫಾರ್ವರ್ಡ್ ತಯಾರು.

ಹೊಟ್ಟೆ ಸೀಳಿದಾಗ ಕಂಡ ಬಿಳಿ ಪುಡಿ

ಕಾರಣ ಹುಡುಕಲು ಹೊರಟವರು ಮೊದಲು ತಪ್ಪು ಬಾಗಿಲನ್ನೇ ತಟ್ಟಿದರು. ಅದನ್ನು ಮುಚ್ಚಿಡಬೇಕಿಲ್ಲ. ಇಷ್ಟು ವಿಶಾಲ ದೇಶದಲ್ಲಿ, ಜೊತೆಗೆ ನೇಪಾಳ, ಪಾಕಿಸ್ತಾನಗಳಲ್ಲೂ, ಇಷ್ಟು ಬೇಗ ಹಕ್ಕಿಗಳು ಸಾಯುತ್ತಿವೆ ಎಂದರೆ ಸಾಂಕ್ರಾಮಿಕ ರೋಗ ಇರಬೇಕು ಎಂಬುದು ಸಹಜ ಊಹೆ. ಹೊಸದೊಂದು ವೈರಸ್ ಇರಬಹುದೇ ಎಂದು ಕೇಳುವ ಪ್ರಬಂಧ 2003ರಲ್ಲೂ ಪ್ರಕಟವಾಗಿತ್ತು. ಅದರ ಲೇಖಕರಲ್ಲಿ ವಿಭು ಪ್ರಕಾಶ್ ಕೂಡ ಇದ್ದರು.

ಅದೇ ಹೊತ್ತಿಗೆ ಪಾಕಿಸ್ತಾನದ ಪಂಜಾಬಿನಲ್ಲಿ ಇನ್ನೊಂದು ತಂಡ ಕೆಲಸ ಮಾಡುತ್ತಿತ್ತು. ಅಮೆರಿಕದ ಪಶುವೈದ್ಯ ವಿಜ್ಞಾನಿ ಲಿಂಡ್ಸೆ ಓಕ್ಸ್ ಅದರ ಮುಂದಾಳು. ಸತ್ತ ಹಕ್ಕಿಗಳನ್ನು ಸೀಳಿ ನೋಡಿದಾಗ ಬಹುಪಾಲು ಹಕ್ಕಿಗಳಲ್ಲಿ ಒಂದೇ ದೃಶ್ಯ: ಹೃದಯ, ಪಿತ್ತಜನಕಾಂಗ, ಕಿಡ್ನಿಗಳ ಮೇಲೆ ಸುಣ್ಣ ಬಳಿದಂತೆ ಬಿಳಿ ಪುಡಿ. ಅದು ಯೂರಿಕ್ ಆಮ್ಲ. ಹಕ್ಕಿಗಳು ನಮ್ಮಂತೆ ಮೂತ್ರ ಮಾಡುವುದಿಲ್ಲ, ಹಿಕ್ಕೆಯಲ್ಲಿ ಕಾಣುವ ಬಿಳಿ ಭಾಗವೇ ಅವುಗಳ ಮೂತ್ರ. ಕಿಡ್ನಿ ಕೆಟ್ಟರೆ ಆ ಬಿಳಿ ಪದಾರ್ಥ ಹೊರಗೆ ಹೋಗದೆ ಒಳಗೇ ಹರಳುಗಟ್ಟುತ್ತದೆ. ಮನುಷ್ಯರಿಗೆ ಕಾಲಿನ ಹೆಬ್ಬೆರಳಲ್ಲಿ ಬರುವ ಗೌಟ್ ಗೊತ್ತಲ್ಲ, ಅದು ದೇಹದೊಳಗಿನ ಅಂಗಗಳಿಗೆಲ್ಲ ಆದಂತೆ.

ಕಿಡ್ನಿ ಹೋಗಿದೆ, ಸರಿ. ಕೆಡಿಸಿದ್ದು ಯಾವುದು? ವೈರಸ್, ಬ್ಯಾಕ್ಟೀರಿಯಾ ಹುಡುಕಿದರು. ಕೀಟನಾಶಕ, ಸೀಸದಂಥ ಲೋಹಗಳನ್ನು ಹುಡುಕಿದರು. ಯಾವುದೂ ಹೊಂದಲಿಲ್ಲ. ಆಗ ಅವರು ಪ್ರಶ್ನೆಯನ್ನೇ ತಿರುಗಿಸಿದರು. ಈ ಹಕ್ಕಿ ತಿನ್ನುವುದು ಸತ್ತ ದನ. ಹಾಗಾದರೆ ಸಾಯುವ ಮುಂಚೆ ಆ ದನಕ್ಕೆ ಏನು ಕೊಟ್ಟಿರುತ್ತಾರೆ? ಪಶುವೈದ್ಯರನ್ನೂ ಔಷಧಿ ಮಾರುವವರನ್ನೂ ವಿಚಾರಿಸಿದರು. ಕಿಡ್ನಿಗೆ ತೊಂದರೆ ಕೊಡಬಲ್ಲ, ತಿಂದರೂ ದೇಹಕ್ಕೆ ಹತ್ತುವ, ಎಲ್ಲ ಕಡೆ ಮಾರಾಟವಾಗುವ ಔಷಧಿ ಯಾವುದೆಂದು ಹುಡುಕಿದಾಗ ಪಟ್ಟಿಯಲ್ಲಿ ಉಳಿದದ್ದು ಡೈಕ್ಲೋಫೆನಾಕ್.

ನಂತರ ಮಾಡಿದ ಪರೀಕ್ಷೆ ಸರಳ. ಗೌಟ್‌ನಿಂದ ಸತ್ತ 25 ಹಕ್ಕಿಗಳ ಕಿಡ್ನಿ ತೆಗೆದುಕೊಂಡರು. ಬೇರೆ ಕಾರಣದಿಂದ ಸತ್ತ 13 ಹಕ್ಕಿಗಳ ಕಿಡ್ನಿಯನ್ನೂ ತೆಗೆದುಕೊಂಡರು. ಮೊದಲ ಗುಂಪಿನಲ್ಲಿ 25ಕ್ಕೆ 25ರಲ್ಲೂ ಡೈಕ್ಲೋಫೆನಾಕ್ ಸಿಕ್ಕಿತು. ಎರಡನೆಯದರಲ್ಲಿ ಒಂದರಲ್ಲೂ ಇಲ್ಲ.

ಆ 13 ಹಕ್ಕಿಗಳನ್ನು ಗಮನಿಸಿ. ಫಾರ್ವರ್ಡ್‌ಗಳಲ್ಲಿ ಯಾವತ್ತೂ ಇಲ್ಲದಿರುವುದು ಇದೇ, ಹೋಲಿಸಿ ನೋಡುವ ಇನ್ನೊಂದು ಗುಂಪು. ಬರೀ 25 ಹಕ್ಕಿಗಳಲ್ಲಿ ಔಷಧಿ ಸಿಕ್ಕಿದ್ದರೆ ‘ಎಲ್ಲ ಹಕ್ಕಿಗಳಲ್ಲೂ ಅದು ಇರಬಹುದು, ಸಾವಿಗೂ ಅದಕ್ಕೂ ಸಂಬಂಧ ಇಲ್ಲದಿರಬಹುದು’ ಎನ್ನಬಹುದಿತ್ತು. ‘ನಮ್ಮ ತಾತ ದಿನಾ ಬೀಡಿ ಸೇದಿ 90 ವರ್ಷ ಬದುಕಿದರು’ ಎನ್ನುವಾಗಲೂ ನಾವು ಬಿಟ್ಟುಬಿಡುವುದು ಈ ಎರಡನೇ ಗುಂಪನ್ನೇ. ಬೀಡಿ ಸೇದಿ 50ಕ್ಕೇ ಹೋದವರನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಅಷ್ಟಕ್ಕೂ ಅವರು ನಿಲ್ಲಿಸಲಿಲ್ಲ. ಮತ್ತೆ ಕಾಡಿಗೆ ಬಿಡಲಾಗದ ಸ್ಥಿತಿಯಲ್ಲಿದ್ದ ಹಕ್ಕಿಗಳಿಗೆ ಡೈಕ್ಲೋಫೆನಾಕ್ ಕೊಟ್ಟ ದನ, ಮೇಕೆಗಳ ಮಾಂಸ ತಿನ್ನಿಸಿದರು. ಹೆಚ್ಚು ಔಷಧಿ ಸೇರಿದಷ್ಟೂ ಸಾವು ಹೆಚ್ಚು, ಸತ್ತವುಗಳಲ್ಲಿ ಅದೇ ಬಿಳಿ ಪುಡಿ. ಹಕ್ಕಿಗಳ ಮೇಲೆ ಹೀಗೆ ಮಾಡಿದ್ದು ಓದಲು ಕಷ್ಟವಾಗುತ್ತದೆ, ನಿಜ. ಆದರೆ ಕಾರಣ ಯಾವುದು ಎಂಬ ವಾದಕ್ಕೆ ತೆರೆ ಎಳೆದಿದ್ದು ಈ ಪ್ರಯೋಗ. 2004ರಲ್ಲಿ ಇದು ‘ನೇಚರ್’ನಲ್ಲಿ ಬಂತು. ಅದೇ ವರ್ಷ ಭಾರತ, ನೇಪಾಳಗಳಲ್ಲಿ ಸತ್ತ ಹಕ್ಕಿಗಳನ್ನು ಬೇರೆ ತಂಡ ಪರೀಕ್ಷಿಸಿದಾಗ ಅಲ್ಲೂ ಅದೇ ಸಿಕ್ಕಿತು. ವೈರಸ್ ಇರಬಹುದು ಎಂದು ಊಹಿಸಿದ್ದವರೂ ಸಾಕ್ಷ್ಯ ನೋಡಿ ಈ ಕಡೆಗೆ ಬಂದರು.

ಹಸುವಿಗೆ ಔಷಧಿ, ಹಕ್ಕಿಗೆ ವಿಷ. ಅದು ಹೇಗೆ?

ರೇಷ್ಮೆ ಸಾಕುವವರಿಗೆ ಇದನ್ನು ವಿವರಿಸಬೇಕಿಲ್ಲ. ಹಿಪ್ಪುನೇರಳೆ ತೋಟದ ಪಕ್ಕದ ಹೊಲಕ್ಕೆ ಯಾರೋ ಔಷಧಿ ಹೊಡೆದರು ಎಂದುಕೊಳ್ಳಿ. ಗಾಳಿಗೆ ಒಂದಿಷ್ಟು ಸೊಪ್ಪಿನ ಮೇಲೆ ಕೂತಿತು. ಆ ಸೊಪ್ಪು ಹಾಕಿದರೆ ಇಡೀ ಹುಳು ಮನೆ ಮಲಗಿಬಿಡಬಹುದು. ಅದೇ ಸೊಪ್ಪಿನ ಕಡ್ಡಿ ಮೇಯುವ ಮೇಕೆ ಮಾತ್ರ ಎದ್ದು ಓಡಾಡಿಕೊಂಡೇ ಇರುತ್ತದೆ. ಒಂದು ಜೀವಿ ಸುಲಭವಾಗಿ ಅರಗಿಸಿ ಹೊರಹಾಕುವ ರಾಸಾಯನಿಕ ಇನ್ನೊಂದರ ದೇಹದಲ್ಲಿ ಉಳಿದುಬಿಡುತ್ತದೆ.

ಡೈಕ್ಲೋಫೆನಾಕ್ ಮನುಷ್ಯರ ರಕ್ತದಲ್ಲಿ ಒಂದೆರಡು ಗಂಟೆಯಲ್ಲೇ ಅರ್ಧಕ್ಕೆ ಇಳಿಯುತ್ತದೆ. ರಣಹದ್ದಿನಲ್ಲಿ ಅದಕ್ಕೆ ಹತ್ತು ಗಂಟೆಗೂ ಹೆಚ್ಚು ಬೇಕು. ಅಷ್ಟರಲ್ಲಿ ಕಿಡ್ನಿ ಯೂರಿಕ್ ಆಮ್ಲ ಹೊರಹಾಕುವ ಶಕ್ತಿ ಕಳೆದುಕೊಳ್ಳುತ್ತದೆ, ಒಂದೆರಡು ದಿನದಲ್ಲಿ ಹಕ್ಕಿ ಸಾಯುತ್ತದೆ. ಎಲ್ಲ ರಣಹದ್ದುಗಳಿಗೂ ಹೀಗಾಗುವುದಿಲ್ಲ ಎಂಬುದು ಇನ್ನೂ ವಿಚಿತ್ರ. ಅಮೆರಿಕ ಖಂಡದ ಟರ್ಕಿ ರಣಹದ್ದಿಗೆ ನಮ್ಮ ಹಕ್ಕಿಯನ್ನು ಕೊಲ್ಲುವ ಪ್ರಮಾಣದ 100 ಪಟ್ಟಿಗೂ ಹೆಚ್ಚು ಕೊಟ್ಟರೂ ಏನೂ ಆಗಲಿಲ್ಲ. ಹೆಸರು ಒಂದೇ, ವಂಶ ಬೇರೆ. ಇಲಿಯ ಮೇಲೆ ಕೆಲಸ ಮಾಡಿದ ಔಷಧಿಯನ್ನು ‘ಕ್ಯಾನ್ಸರ್‌ಗೆ ಮದ್ದು ಸಿಕ್ಕಿತು’ ಎಂದು ಕಳಿಸುವ ಮುನ್ನ ಈ ಎರಡು ಹಕ್ಕಿಗಳನ್ನು ಒಮ್ಮೆ ನೆನೆಯಬಹುದು.

ಹಾಗೆಂದು ಈ ಲೇಖನ ಓದಿ ‘ಡೈಕ್ಲೋಫೆನಾಕ್ ವಿಷವಂತೆ, ತಕ್ಷಣ ಬಿಸಾಡಿ’ ಎಂಬ ಹೊಸ ಫಾರ್ವರ್ಡ್ ಶುರು ಮಾಡಬೇಡಿ. 1970ರ ದಶಕದಿಂದ ಮನುಷ್ಯರು ಇದನ್ನು ಬಳಸುತ್ತಿದ್ದಾರೆ. ವೈದ್ಯರು ಹೇಳಿದ ಪ್ರಮಾಣದಲ್ಲಿ, ಹೇಳಿದಷ್ಟು ದಿನ ತೆಗೆದುಕೊಳ್ಳುವ ಔಷಧಿ ಇದು. ಮಂಡಿ ನೋವಿಗೆಂದು ಮೆಡಿಕಲ್ ಸ್ಟೋರಿನಿಂದ ತಾವೇ ತಂದು ತಿಂಗಳುಗಟ್ಟಲೆ ನುಂಗುವುದು ಬೇರೆ ಮಾತು. ಹಾಗೆ ಮಾಡಿದರೆ ಮನುಷ್ಯರ ಕಿಡ್ನಿ, ಹೊಟ್ಟೆ, ಹೃದಯಕ್ಕೂ ಅಪಾಯವಿದೆ. ಬಿಪಿ, ಶುಗರ್, ಕಿಡ್ನಿ ತೊಂದರೆ ಇರುವವರಂತೂ ಕೇಳದೆ ಮುಟ್ಟಬಾರದು.

ನೂರರಲ್ಲಿ ಒಂದು ದನವೂ ಬೇಕಿಲ್ಲ

ಇಲ್ಲೊಂದು ನ್ಯಾಯವಾದ ಅನುಮಾನ ಬರುತ್ತದೆ. ಸತ್ತ ದನಗಳಿಗೆಲ್ಲ ಯಾರು ಇಂಜೆಕ್ಷನ್ ಕೊಟ್ಟಿರುತ್ತಾರೆ? ಕೊಟ್ಟರೂ ಕೆಲವು ದಿನದಲ್ಲಿ ಔಷಧಿ ದೇಹದಿಂದ ಹೋಗುತ್ತದೆ. ಕೊನೆಯ ಒಂದೆರಡು ದಿನದಲ್ಲಿ ಚುಚ್ಚಿಸಿಕೊಂಡು ಸತ್ತ ದನ ಎಷ್ಟಿದ್ದೀತು? ಅಷ್ಟರಿಂದ ಇಡೀ ದೇಶದ ಹಕ್ಕಿ ಹೋಗುತ್ತದೆಯೇ?

ರಿಸ್ ಗ್ರೀನ್ ಮತ್ತು ಸಂಗಡಿಗರು 2004ರಲ್ಲಿ ಇದೇ ಲೆಕ್ಕ ಹಾಕಿದರು. ರಣಹದ್ದು ಎರಡು ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬ ತಿನ್ನುತ್ತದೆ, ಒಂದು ಹೆಣಕ್ಕೆ ಹತ್ತಾರು ಹಕ್ಕಿಗಳು ಒಟ್ಟಿಗೆ ಇಳಿಯುತ್ತವೆ. ಒಂದು ವಿಷದ ದನ ಸಿಕ್ಕರೆ ಗುಂಪಿಗೆ ಗುಂಪೇ ಹೋಗಬಹುದು. ವರ್ಷಕ್ಕೆ ಒಂದೇ ಮೊಟ್ಟೆ ಇಡುವ ಹಕ್ಕಿಗೆ ಆ ನಷ್ಟ ತುಂಬಿಕೊಳ್ಳಲು ಆಗುವುದಿಲ್ಲ. ಲೆಕ್ಕದ ಪ್ರಕಾರ ಸತ್ತ ದನಗಳಲ್ಲಿ ನೂರಕ್ಕೆ ಒಂದಕ್ಕಿಂತ ಕಡಿಮೆ ವಿಷವಾಗಿದ್ದರೂ ಕಂಡಷ್ಟು ಸಾವು ಆಗಬಲ್ಲದು. ನಂತರ ದೇಶದ ಹಲವು ಕಡೆ ಸತ್ತ ಜಾನುವಾರುಗಳ ಮಾದರಿ ತೆಗೆದು ನೋಡಿದಾಗ ನೂರಕ್ಕೆ ಸುಮಾರು 10ರಲ್ಲಿ ಡೈಕ್ಲೋಫೆನಾಕ್ ಇತ್ತು. ಎಲ್ಲದರಲ್ಲೂ ಕೊಲ್ಲುವಷ್ಟು ಇರಲಿಲ್ಲ. ಆದರೂ ಇದ್ದದ್ದು ಬೇಕಾದಷ್ಟಾಯಿತು.

1992ರಿಂದ 2007ರ ನಡುವೆ ಭಾರತದಲ್ಲಿ ಬಿಳಿಬೆನ್ನಿನ ರಣಹದ್ದು ಶೇ 99.9ರಷ್ಟು ಕಡಿಮೆಯಾಯಿತು. ಅಂದರೆ ಸಾವಿರ ಇದ್ದಲ್ಲಿ ಒಂದು. ನಮ್ಮ ಬೆಟ್ಟದ ಉದ್ದ ಕೊಕ್ಕಿನದು ಮತ್ತು ಅದರ ಹತ್ತಿರದ ಸಂಬಂಧಿಯನ್ನು ಸೇರಿಸಿ ಲೆಕ್ಕ ಹಾಕಿದರೆ ಇಳಿಕೆ ಸುಮಾರು ಶೇ 97.

ರಾಮದೇವರ ಬೆಟ್ಟದಲ್ಲಿ ಇದರ ಜೊತೆಗೆ ಬೇರೆ ಕಷ್ಟಗಳೂ ಇವೆ. ಬಂಡೆಗಳ ಮೇಲೆ ಜನರ ಓಡಾಟ, ಗಲಾಟೆ ಹೆಚ್ಚು. ಸತ್ತ ದನವನ್ನು ಈಗ ಊರ ಹೊರಗೆ ಬಿಡುವುದಿಲ್ಲ, ಹೂಳುತ್ತಾರೆ, ಹಾಗಾಗಿ ಊಟವೂ ಕಡಿಮೆ. ಆದರೆ ದೇಶದ ಉದ್ದಗಲಕ್ಕೂ ಹದಿನೈದು ವರ್ಷದಲ್ಲಿ ಇಂಥ ಕುಸಿತ ಆಗಲು ಈ ಕಾರಣಗಳು ಸಾಲುವುದಿಲ್ಲ.

‘ರಣಹದ್ದು ಸತ್ತಿದ್ದಕ್ಕೆ 5 ಲಕ್ಷ ಜನ ಸತ್ತರು’ ನಿಜವೇ?

ಇದು 2024ರಿಂದ ಓಡಾಡುತ್ತಿರುವ ಇನ್ನೊಂದು ಸುದ್ದಿ. ಇದರ ಹಿಂದೆ ನಿಜವಾದ ಸಂಶೋಧನೆ ಇದೆ. ಅರ್ಥಶಾಸ್ತ್ರಜ್ಞರಾದ ಏಯಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಅವರ ಅಧ್ಯಯನ ‘ಅಮೆರಿಕನ್ ಎಕನಾಮಿಕ್ ರಿವ್ಯೂ’ನಲ್ಲಿ ಪ್ರಕಟವಾಯಿತು. ಹಿಂದೆ ರಣಹದ್ದಿಗೆ ಒಗ್ಗುವಂತಿದ್ದ ಜಿಲ್ಲೆಗಳನ್ನೂ ಒಗ್ಗದ ಜಿಲ್ಲೆಗಳನ್ನೂ ಅವರು ಹೋಲಿಸಿದರು. ಡೈಕ್ಲೋಫೆನಾಕ್ ಅಗ್ಗವಾಗಿ ದನಗಳಿಗೆ ಬಳಕೆಯಾಗುವ ಮುಂಚೆ ಎರಡೂ ಕಡೆ ಸಾವಿನ ಪ್ರಮಾಣ ಹೆಚ್ಚುಕಡಿಮೆ ಒಂದೇ ರೀತಿ ಸಾಗುತ್ತಿತ್ತು. ಆಮೇಲೆ ರಣಹದ್ದು ಇದ್ದ ಜಿಲ್ಲೆಗಳಲ್ಲಿ ಶೇ 4ಕ್ಕಿಂತ ಹೆಚ್ಚಾಯಿತು. ಆ ವ್ಯತ್ಯಾಸವನ್ನು ಜನಸಂಖ್ಯೆಗೆ ಗುಣಿಸಿದರೆ 2000ದಿಂದ 2005ರವರೆಗೆ ಒಟ್ಟು ಸುಮಾರು 5 ಲಕ್ಷ ಹೆಚ್ಚುವರಿ ಸಾವು.

ಓದುವಾಗ ಎರಡು ವಿಷಯ ಗಮನಿಸಬೇಕು. ಇದು ಒಟ್ಟು ಅವಧಿಯ ಅಂದಾಜು, ವರ್ಷಕ್ಕೆ 5 ಲಕ್ಷವಲ್ಲ. ಮತ್ತೆ ಯಾರೂ ಮನೆ ಮನೆಗೆ ಹೋಗಿ ‘ಇವರು ರಣಹದ್ದು ಇಲ್ಲದ್ದಕ್ಕೆ ಸತ್ತರು’ ಎಂದು ಎಣಿಸಿಲ್ಲ, ಅಂಕಿಅಂಶಗಳ ಹೋಲಿಕೆಯಿಂದ ಬಂದ ಲೆಕ್ಕ ಇದು. ನನ್ನ ಅಭಿಪ್ರಾಯ ಕೇಳಿದರೆ, 5 ಲಕ್ಷ ಎಂಬ ನಿಖರ ಅಂಕಿಗೆ ಜೋತುಬೀಳುವುದಕ್ಕಿಂತ ಲೆಕ್ಕ ಯಾವ ದಿಕ್ಕು ತೋರಿಸುತ್ತಿದೆ ಎಂದು ನೋಡುವುದು ಒಳ್ಳೆಯದು. ದಿಕ್ಕು ತೋರಿಸುವ ಇತರ ಸಾಕ್ಷ್ಯವೂ ಇದೆ. ಗುಂಪಾಗಿ ಬಂದ ರಣಹದ್ದುಗಳು ಒಂದು ದನವನ್ನು ಗಂಟೆಯೊಳಗೆ ಮೂಳೆ ಮಾತ್ರ ಉಳಿಸಿ ಮುಗಿಸುತ್ತವೆ. ಅವು ಇಲ್ಲದಾಗ ಹೆಣ ಕೊಳೆಯಿತು, ನೀರು ಕೆಟ್ಟಿತು, ನಾಯಿಗಳಿಗೆ ಊಟ ಸಿಕ್ಕಿತು. ಅನಿಲ್ ಮಾರ್ಕಂಡ್ಯ ಮತ್ತಿತರರು 2008ರಲ್ಲೇ ಅಂದಾಜಿಸಿದ ಪ್ರಕಾರ 1992ರಿಂದ 2003ರೊಳಗೆ ಬೀದಿನಾಯಿಗಳ ಸಂಖ್ಯೆ ಕನಿಷ್ಠ 55 ಲಕ್ಷ ಹೆಚ್ಚಿತು. ನಾಯಿ ಹೆಚ್ಚಿದರೆ ಕಡಿತವೂ ಹೆಚ್ಚು, ರೇಬೀಸ್ ಕೂಡ.

ರೇಬೀಸ್ ಮಾತು ಬಂದದ್ದರಿಂದ ಇದನ್ನು ಹೇಳದೆ ಮುಂದೆ ಹೋಗುವಂತಿಲ್ಲ. ನಾಯಿ ಕಚ್ಚಿದರೆ ಗಾಯಕ್ಕೆ ಖಾರದ ಪುಡಿ, ಸುಣ್ಣ, ಅರಿಶಿನ ಹಚ್ಚಬೇಡಿ. ಹರಿಯುವ ನೀರಿನಲ್ಲಿ ಸೋಪು ಹಾಕಿ 15 ನಿಮಿಷ ತೊಳೆಯಿರಿ, ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಿ, ಹೇಳಿದ ಎಲ್ಲ ಡೋಸ್ ಮುಗಿಸಿ. ಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ನಿಂದ ಬದುಕಿ ಬಂದವರು ಇಲ್ಲವೆನ್ನುವಷ್ಟು ಕಡಿಮೆ.

ಹಾಗಾದರೆ ಟವರ್ ಕಥೆ ಯಾಕೆ ಉಳಿದುಕೊಂಡಿದೆ?

ಇದಕ್ಕೆ ಉತ್ತರ ಮನಃಶಾಸ್ತ್ರದಲ್ಲಿದೆ. 1977ರಲ್ಲಿ ಅಮೆರಿಕದ ಲಿನ್ ಹ್ಯಾಶರ್ ಮತ್ತು ಸಂಗಡಿಗರು ಕಾಲೇಜು ವಿದ್ಯಾರ್ಥಿಗಳಿಗೆ ಎರಡು ವಾರಕ್ಕೊಮ್ಮೆಯಂತೆ ಮೂರು ಸಲ ಒಂದಷ್ಟು ಹೇಳಿಕೆಗಳನ್ನು ಕೇಳಿಸಿದರು. ಕೆಲವು ನಿಜ, ಕೆಲವು ಸುಳ್ಳು. ಕೆಲವನ್ನು ಮಾತ್ರ ಪ್ರತಿ ಸಲವೂ ಮತ್ತೆ ಹೇಳಿದರು. ಪ್ರತಿ ಸಲ ಕೇಳಿದಾಗಲೂ ಆ ಹೇಳಿಕೆಗಳು ವಿದ್ಯಾರ್ಥಿಗಳಿಗೆ ಇನ್ನಷ್ಟು ನಿಜವೆನಿಸತೊಡಗಿದವು. ನಿಜವೋ ಸುಳ್ಳೋ, ವ್ಯತ್ಯಾಸ ಆಗಲಿಲ್ಲ.

‘ಗೊತ್ತಿಲ್ಲದವರು ನಂಬುತ್ತಾರೆ, ನಾವಲ್ಲ’ ಎನ್ನಬೇಡಿ. 2015ರಲ್ಲಿ ಲೀಸಾ ಫೇಜಿಯೊ ತಂಡ ಅದನ್ನೂ ಪರೀಕ್ಷಿಸಿತು. ಅವರು ಬಳಸಿದ ಒಂದು ಸುಳ್ಳು ಹೇಳಿಕೆ ನಮಗೆ ನಗು ತರಿಸುತ್ತದೆ: ಸೀರೆ ಎಂದರೆ ಸ್ಕಾಟ್ಲೆಂಡಿನವರು ಉಡುವ ನೆರಿಗೆಯ ಗಿಡ್ಡ ಲಂಗ. ಸರಿಯಾದ ಉತ್ತರ ಗೊತ್ತಿರುವವರಲ್ಲೂ ಮತ್ತೆ ಮತ್ತೆ ಕೇಳಿದ ಸುಳ್ಳು ಸ್ವಲ್ಪ ಹೆಚ್ಚು ನಿಜವೆನಿಸಿತು.

ಮನಃಶಾಸ್ತ್ರದ ಸಂಶೋಧನೆಗಳನ್ನೂ ಕಣ್ಣು ಮುಚ್ಚಿ ನಂಬಬೇಕಿಲ್ಲ. 2015ರಲ್ಲೇ ವಿಜ್ಞಾನಿಗಳ ದೊಡ್ಡ ಗುಂಪೊಂದು ಈ ಕ್ಷೇತ್ರದ 100 ಹಳೆಯ ಅಧ್ಯಯನಗಳನ್ನು ಮತ್ತೆ ಮಾಡಿ ನೋಡಿದಾಗ, ಸುಮಾರು 36ರಲ್ಲಿ ಮಾತ್ರ ಸ್ಪಷ್ಟ ಫಲಿತಾಂಶ ಮರುಕಳಿಸಿತು. ಆದರೆ ಮತ್ತೆ ಮತ್ತೆ ಕೇಳಿದ್ದು ನಿಜವೆನಿಸುವ ಪರಿಣಾಮ ಬೇರೆ ಬೇರೆ ಕಡೆ ಹಲವು ಸಲ ಮರುಕಳಿಸಿದೆ. ಹಾಗಾಗಿ ಇದನ್ನು ಧೈರ್ಯವಾಗಿ ಬರೆಯುತ್ತಿದ್ದೇನೆ.

ಟವರ್ ಕಥೆಗೆ ಇನ್ನೊಂದು ಅನುಕೂಲವಿದೆ. ಅದರಲ್ಲಿ ತಪ್ಪು ಯಾವುದೋ ದೊಡ್ಡ ಕಂಪನಿಯದು, ನಾವು ಬರೀ ನೊಂದವರು. ಇಂಜೆಕ್ಷನ್ ಕಥೆಯಲ್ಲಿ ಔಷಧಿ ಇದ್ದದ್ದು ನಮ್ಮ ಕೊಟ್ಟಿಗೆಯಲ್ಲೇ. ಅದೂ ಯಾರ ಕೆಟ್ಟ ಉದ್ದೇಶದಿಂದಲೂ ಅಲ್ಲ. ಕೆಚ್ಚಲು ಬಾವಿನಿಂದ ನರಳುವ ಹಸುವಿಗೆ ನೋವು ಕಡಿಮೆ ಆಗಲಿ ಎಂದು ಚುಚ್ಚಿಸಿದ್ದು.

ದನ ಸಾಕಿರುವವರು ಏನು ಕೇಳಬೇಕು?

ದನಗಳಿಗೆ ಡೈಕ್ಲೋಫೆನಾಕ್ ಮಾರಾಟ ನಿಲ್ಲಿಸಲು ಕೇಂದ್ರ ಸರ್ಕಾರ 2006ರಲ್ಲೇ ಸೂಚಿಸಿತು. ಆದರೆ ಮನುಷ್ಯರಿಗೆಂದು ಮಾರುವ 30 ಮಿ.ಲೀ. ಬಾಟಲಿ ಸುಲಭವಾಗಿ ಸಿಗುತ್ತಿತ್ತು, ಅದೇ ಕೊಟ್ಟಿಗೆಗೂ ಬಂತು. 2015ರಲ್ಲಿ ಮನುಷ್ಯರ ಇಂಜೆಕ್ಷನ್ನನ್ನು 3 ಮಿ.ಲೀ. ಒಂದೇ ಡೋಸ್‌ನ ಪ್ಯಾಕಿಗೆ ಇಳಿಸಿದರು. ಹಸುವಿಗೆ ಬೇಕಾಗುವಷ್ಟು ಸೇರಿಸಲು ಹಲವು ಬಾಟಲಿ ಒಡೆಯಬೇಕು, ಖರ್ಚೂ ಹೆಚ್ಚು. ಹೀಗೆ ಬಳಕೆ ಇಳಿಯಿತು, ಪೂರ್ತಿ ನಿಲ್ಲಲಿಲ್ಲ.

ಅದರ ಜಾಗಕ್ಕೆ ಬಂದ ಕೆಲವು ಔಷಧಿಗಳೂ ಹಕ್ಕಿಗೆ ವಿಷವೇ. ಅಸಿಕ್ಲೋಫೆನಾಕ್ ದನದ ದೇಹದೊಳಗೆ ಹೋಗಿ ಡೈಕ್ಲೋಫೆನಾಕ್ ಆಗಿಯೇ ಬದಲಾಗುತ್ತದೆ. ಅದನ್ನೂ ಕೀಟೊಪ್ರೊಫೆನ್ ಅನ್ನೂ ಪಶುಗಳಿಗೆ ಬಳಸುವುದನ್ನು 2023ರಲ್ಲಿ ನಿಷೇಧಿಸಲಾಯಿತು. ನಿಮೆಸುಲೈಡ್ ಸರದಿ 2024ರ ಕೊನೆಗೆ ಬಂತು. ಫ್ಲುನಿಕ್ಸಿನ್ ಮೇಲೂ ಸಂಶೋಧಕರಿಗೆ ಅನುಮಾನವಿದೆ.

ಸುರಕ್ಷಿತವೆಂದು ಪರೀಕ್ಷೆಯಲ್ಲಿ ಗೆದ್ದದ್ದು ಮೆಲೊಕ್ಸಿಕಾಮ್. 2006ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಅದನ್ನು ಕೊಟ್ಟ ರಣಹದ್ದುಗಳು ಬದುಕುಳಿದವು. ಮೃಗಾಲಯಗಳಲ್ಲಿ ಸುಮಾರು 60 ಜಾತಿಯ 700ಕ್ಕೂ ಹೆಚ್ಚು ಹಕ್ಕಿಗಳಿಗೆ ಚಿಕಿತ್ಸೆಗಾಗಿ ಕೊಟ್ಟ ದಾಖಲೆ ನೋಡಿದಾಗಲೂ ಅದರಿಂದ ಸತ್ತದ್ದು ಕಾಣಲಿಲ್ಲ. ಅದು ದನದ ನೋವು, ಬಾವಿಗೂ ಕೆಲಸ ಮಾಡುತ್ತದೆ. ಟೋಲ್ಫೆನಾಮಿಕ್ ಆಸಿಡ್ ಎಂಬ ಇನ್ನೊಂದು ಔಷಧಿಯೂ ಇತ್ತೀಚೆಗೆ ಪರೀಕ್ಷೆಯಲ್ಲಿ ಸುರಕ್ಷಿತವೆಂದು ಕಂಡುಬಂದಿದೆ.

ಆದ್ದರಿಂದ ಹಸುವಿಗೆ ಜ್ವರವೋ ಕೆಚ್ಚಲು ಬಾವೋ ಬಂದಾಗ ದನದ ಡಾಕ್ಟ್ರನ್ನು ‘ಸಾರ್, ಮೆಲೊಕ್ಸಿಕಾಮ್ ಆಗುತ್ತಾ?’ ಎಂದು ಕೇಳಿ. ಡೋಸ್ ಅವರೇ ಹೇಳಲಿ, ಮೆಡಿಕಲ್ ಸ್ಟೋರಿನಿಂದ ಮನುಷ್ಯರ ಇಂಜೆಕ್ಷನ್ ತಂದು ನೀವೇ ಚುಚ್ಚಬೇಡಿ. ಬಾಟಲಿ ಮೇಲಿನ ಕಂಪನಿಯ ಹೆಸರು ಬಿಟ್ಟು ಕೆಳಗೆ ಸಣ್ಣ ಅಕ್ಷರದಲ್ಲಿರುವ ಔಷಧಿಯ ಹೆಸರು ಓದಿ. ಪ್ಯಾರಸಿಟಮಾಲ್ ಜೊತೆ ಬೆರೆಸಿದ ಔಷಧಿಗಳೂ ಇರುತ್ತವೆ, ಅದರಲ್ಲಿ ಎರಡನೇ ಹೆಸರು ಯಾವುದೆಂದು ನೋಡಿ. ಚಿಕಿತ್ಸೆ ನಡೆಯುವಾಗಲೇ ದನ ಸತ್ತರೆ ಬಯಲಿನಲ್ಲಿ ಬಿಡದೆ ಆಳವಾಗಿ ಹೂಳಿ. ಯಾವ ಇಂಜೆಕ್ಷನ್ ಕೊಟ್ಟಿದ್ದರು ಎಂದು ನೆನಪಿಲ್ಲದಿದ್ದರೂ ಅಷ್ಟೇ, ಹೂಳಿ.